ಹೆಸರು ಒಂದು, ನಿಯಮ ಇನ್ನೊಂದು: ವಲಸೆಯ ವಿಷಯದಲ್ಲಿ ಬ್ರಿಟನ್ ಮತದಾರರು ಪಕ್ಷಗಳನ್ನು ಅಳೆಯುವ ಬಗೆ

ಪ್ರಶ್ನೆ: ನಾನು ದಾವಣಗೆರೆಯವನು. 2022ರಲ್ಲಿ ಸ್ಕಿಲ್ಡ್ ವರ್ಕರ್ ವೀಸಾದ ಮೇಲೆ ಇಂಗ್ಲೆಂಡಿಗೆ ಬಂದೆ, ಈಗ ರೆಡಿಂಗ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ನನಗೆ ವೀಸಾ ಸಿಕ್ಕಿದ್ದು ಕನ್ಸರ್ವೇಟಿವ್ ಸರ್ಕಾರವಿದ್ದಾಗ, ಅದೂ ಸಲೀಸಾಗಿ. ಈಗಿನ ಲೇಬರ್ ಸರ್ಕಾರ ಐಎಲ್‌ಆರ್‌ಗೆ, ಅಂದರೆ ಇಲ್ಲೇ ಕಾಯಂ ನೆಲೆಸುವ ಅನುಮತಿಗೆ, 5 ವರ್ಷದ ಬದಲು 10 ವರ್ಷ ಕಾಯಬೇಕು ಎನ್ನುತ್ತಿದೆ. ಆದರೂ ನನ್ನ ಆಫೀಸಿನ ಇಂಗ್ಲಿಷ್ ಸಹೋದ್ಯೋಗಿಗಳು "ಲೇಬರ್‌ನವರು ಬಾಗಿಲು ಹಾರುಹೊಡೆದು ಕೂತಿದ್ದಾರೆ" ಎಂದೇ ಹೇಳುತ್ತಾರೆ. ಯಾವ ಪಕ್ಷ ಬಿಗಿ, ಯಾವುದು ಸಡಿಲ ಎಂದು ಇಲ್ಲಿನ ಮತದಾರರು ಹೇಗೆ ತೀರ್ಮಾನಿಸುತ್ತಾರೆ? ಭಾರತದ ಪಾಸ್‌ಪೋರ್ಟ್ ಇದ್ದರೂ ಇಲ್ಲಿ ನನಗೆ ಮತವಿದೆ ಎಂದು ಈಚೆಗೆ ಗೊತ್ತಾಯಿತು. ನಾನು ಯಾವುದನ್ನು ನೋಡಿ ನಿರ್ಧರಿಸಲಿ?

ಉತ್ತರ: ನಿಮ್ಮ ಅನುಭವವೂ ನಿಜ, ನಿಮ್ಮ ಸಹೋದ್ಯೋಗಿಗಳ ಮಾತಿಗೂ ಅದರದೇ ಕಾರಣವಿದೆ. ನೀವು ವೀಸಾ ನಿಯಮದ ಕಡೆಯಿಂದ ನೋಡುತ್ತಿದ್ದೀರಿ, ಅವರು ಪಕ್ಷದ ಹೆಸರಿನ ಕಡೆಯಿಂದ ನೋಡುತ್ತಿದ್ದಾರೆ. ಬ್ರಿಟನ್ನಿನಲ್ಲಿ ಕಳೆದ ಅರವತ್ತು ವರ್ಷಗಳಲ್ಲಿ ಇವೆರಡೂ ಹೊಂದಿಕೊಂಡು ನಡೆದದ್ದು ಅಪರೂಪ. ವಲಸೆಯ ಮಟ್ಟಿಗೆ ಒಂದು ಪಕ್ಷ ಯಾರ ಪರವಾಗಿ ನಿಲ್ಲುತ್ತದೆ ಎಂದು ಜನ ನಂಬಿದ್ದಾರೋ ಅದರಿಂದಲೇ ಅದಕ್ಕೆ ಬಿಗಿ ಅಥವಾ ಸಡಿಲ ಎಂಬ ಹೆಸರು ಬರುತ್ತದೆ. ಅದು ತಂದ ಕಾನೂನಿನ ಪಾಲು ಅದರಲ್ಲಿ ಬಹಳ ಕಡಿಮೆ. ಒಮ್ಮೆ ಅಂಟಿದ ಹೆಸರು ಸುಲಭಕ್ಕೆ ಬಿಡುವುದೂ ಇಲ್ಲ.

ಇದನ್ನು ಅರಿಯಲು 1968ಕ್ಕೆ ಹೋಗಬೇಕು. ಕೀನ್ಯಾ ಸ್ವತಂತ್ರವಾದಾಗ ಅಲ್ಲಿದ್ದ ಭಾರತೀಯ ಮೂಲದ ಸಾವಿರಾರು ಮಂದಿ ಬ್ರಿಟಿಷ್ ಪಾಸ್‌ಪೋರ್ಟನ್ನೇ ಉಳಿಸಿಕೊಂಡಿದ್ದರು. 1967ರ ಹೊತ್ತಿಗೆ ಅಲ್ಲಿನ ಸರ್ಕಾರ ಅವರ ಕೆಲಸಕ್ಕೂ ವ್ಯಾಪಾರಕ್ಕೂ ಅಡ್ಡಗಾಲು ಹಾಕತೊಡಗಿತು. ಅವರು ಲಂಡನ್ನಿನ ವಿಮಾನ ಹತ್ತಿದರು. ಆಗ ಬ್ರಿಟನ್ನಿನಲ್ಲಿ ಅಧಿಕಾರದಲ್ಲಿದ್ದದ್ದು ಹೆರಾಲ್ಡ್ ವಿಲ್ಸನ್ನರ ಲೇಬರ್ ಸರ್ಕಾರ, ಗೃಹ ಸಚಿವರು ಜೇಮ್ಸ್ ಕ್ಯಾಲಹನ್. ಬ್ರಿಟಿಷ್ ಪಾಸ್‌ಪೋರ್ಟ್ ಕೈಯಲ್ಲಿದ್ದರೂ ಬ್ರಿಟನ್ನಿನ ನೆಲದಲ್ಲಿ ಹುಟ್ಟಿದ ತಂದೆತಾಯಿಯೋ ಅಜ್ಜ ಅಜ್ಜಿಯೋ ಇರುವಂಥ ನಂಟು ಇಲ್ಲದಿದ್ದರೆ ಒಳಬರುವ ಹಕ್ಕಿಲ್ಲ ಎಂಬ ಮಸೂದೆಯನ್ನು ಆ ಸರ್ಕಾರ ಮೂರೇ ದಿನಗಳಲ್ಲಿ ಸಂಸತ್ತಿನಲ್ಲಿ ಪಾಸು ಮಾಡಿಸಿತು. ಬಿಳಿಯರ ಮೊಮ್ಮಕ್ಕಳಿಗೆ ದಾರಿ ಬಿಟ್ಟು ನಮ್ಮವರಿಗೆ ಮುಚ್ಚಿದ ಕಾನೂನು ಅದು. ಬ್ರಿಟನ್ನಿನ ವಲಸೆ ಇತಿಹಾಸದಲ್ಲಿ ಇದಕ್ಕಿಂತ ಕಠಿಣವಾದ ಹೆಜ್ಜೆಗಳು ಹೆಚ್ಚಿಲ್ಲ. ಅದನ್ನು ಇಟ್ಟದ್ದು ಲೇಬರ್.

ಕೆಲವೇ ವಾರಗಳ ನಂತರ, ಏಪ್ರಿಲ್ 20ರಂದು, ಕನ್ಸರ್ವೇಟಿವ್ ಪಕ್ಷದ ಈನಕ್ ಪೊವೆಲ್ ಬರ್ಮಿಂಗ್‌ಹ್ಯಾಮ್‌ನಲ್ಲಿ ವಲಸಿಗರ ವಿರುದ್ಧ ಬೆಂಕಿಯಂಥ ಭಾಷಣ ಮಾಡಿದರು. ಪಕ್ಷದ ನಾಯಕ ಎಡ್ವರ್ಡ್ ಹೀತ್ ಮರುದಿನವೇ ಅವರನ್ನು ತಮ್ಮ ನೆರಳು ಸಂಪುಟದಿಂದ, ಅಂದರೆ ವಿರೋಧ ಪಕ್ಷದ ಬದಲಿ ಮಂತ್ರಿಮಂಡಲದಿಂದ, ಕಿತ್ತುಹಾಕಿದರು. ಅಂದರೆ ಪಕ್ಷ ಅಧಿಕೃತವಾಗಿ ಆ ಮಾತನ್ನು ಒಪ್ಪಲಿಲ್ಲ. ಆದರೆ ಮತದಾರರು ತಮ್ಮ ಲೆಕ್ಕವನ್ನು ತಾವೇ ಹಾಕಿಕೊಂಡರು. ಚುನಾವಣಾ ಸಂಶೋಧಕರಾದ ಡೇವಿಡ್ ಬಟ್ಲರ್ ಮತ್ತು ಡೊನಾಲ್ಡ್ ಸ್ಟೋಕ್ಸ್ ಆ ಕಾಲದಲ್ಲಿ ನಡೆಸಿದ ಸಮೀಕ್ಷೆಗಳಲ್ಲಿ "ವಲಸಿಗರನ್ನು ತಡೆಯುವ ಪಕ್ಷ ಯಾವುದು" ಎಂಬ ಪ್ರಶ್ನೆ ಇತ್ತು. 1964 ಮತ್ತು 1966ರಲ್ಲಿ ಎರಡು ಪಕ್ಷಗಳ ನಡುವೆ ವ್ಯತ್ಯಾಸವೇ ಇಲ್ಲ ಎಂದವರು ಬಹಳ. 1970ಕ್ಕೆ ಬರುವಷ್ಟರಲ್ಲಿ ಅರ್ಧಕ್ಕೂ ಹೆಚ್ಚು ಜನ ಕನ್ಸರ್ವೇಟಿವ್ ಎಂದರು. ಲೇಬರ್ ಎಂದವರು ಬೆರಳೆಣಿಕೆಯಷ್ಟು. ಬಾಗಿಲು ಮುಚ್ಚಿದ ಪಕ್ಷಕ್ಕೆ ಸಡಿಲ ಎಂಬ ಹೆಸರು ಬಂತು, ಭಾಷಣಕಾರನನ್ನು ಹೊರಗೆ ಹಾಕಿದ ಪಕ್ಷಕ್ಕೆ ಬಿಗಿ ಎಂಬ ಹೆಸರು ಬಂತು.

ಮುಂದೆ ಏನಾಯಿತು ನೋಡಿ. 1972ರಲ್ಲಿ ಇದಿ ಅಮೀನ್ ಉಗಾಂಡದ ಏಷ್ಯನ್ನರಿಗೆ ದೇಶ ಬಿಡಲು 90 ದಿನ ಗಡುವು ಕೊಟ್ಟಾಗ, ಅದೇ ಹೀತ್ ಅವರ ಕನ್ಸರ್ವೇಟಿವ್ ಸರ್ಕಾರ ಸುಮಾರು 28 ಸಾವಿರ ಜನರನ್ನು ಬ್ರಿಟನ್ನಿಗೆ ಕರೆಸಿಕೊಂಡಿತು. ಈಗ ಲೆಸ್ಟರ್‌ನಲ್ಲಿ ಕಾಣುವ ಗುಜರಾತಿ ಅಂಗಡಿಬೀದಿಗಳ ಹಿಂದೆ ಈ ನಿರ್ಧಾರವಿದೆ. ಅದರಿಂದ ಪಕ್ಷದ ಬಿಗಿ ಹೆಸರಿಗೆ ಶಾಶ್ವತವಾದ ಧಕ್ಕೆಯೇನೂ ಆಗಲಿಲ್ಲ. 1978ರ ಜನವರಿಯಲ್ಲಿ ಮಾರ್ಗರೆಟ್ ಥ್ಯಾಚರ್, ಬೇರೆ ಸಂಸ್ಕೃತಿಯವರಿಂದ ದೇಶ ಮುಳುಗಿಹೋಗಬಹುದೆಂಬ ಭಯ ಜನರಲ್ಲಿದೆ ಎಂದು ಟಿವಿ ಸಂದರ್ಶನದಲ್ಲಿ ಹೇಳಿದ್ದೇ ಆ ಹೆಸರನ್ನು ಮತ್ತೆ ಗಟ್ಟಿ ಮಾಡಿತು.

ಹಾಗಾದರೆ ಮತದಾರರು ಕಣ್ಣು ಮುಚ್ಚಿಕೊಂಡಿದ್ದರೇ? ನನಗೆ ಹಾಗೆ ಅನ್ನಿಸುವುದಿಲ್ಲ. ಜನಾಂಗ ತಾರತಮ್ಯವನ್ನು ಕಾನೂನುಬಾಹಿರ ಮಾಡಿದ 1965, 1968 ಮತ್ತು 1976ರ ಮೂರು ಕಾಯಿದೆಗಳನ್ನೂ ತಂದದ್ದು ಲೇಬರ್. ಬಣ್ಣ ನೋಡಿ ಬಾಡಿಗೆಗೆ ಮನೆ ಕೊಡುವುದಿಲ್ಲ, ಕೆಲಸ ಕೊಡುವುದಿಲ್ಲ ಎನ್ನುವುದು ತಪ್ಪು ಎಂದು ಕಾನೂನಿನಲ್ಲಿ ಬರೆಸಿದ ಪಕ್ಷವನ್ನು ವಲಸಿಗರು ತಮ್ಮದೆಂದು ಕಂಡರು. ವಲಸೆ ಬೇಡ ಎನ್ನುವವರೂ ಅದನ್ನು "ಅವರ ಪಕ್ಷ" ಎಂದೇ ಕಂಡರು. ಇಬ್ಬರೂ ನೋಡಿದ್ದು ಪಕ್ಷ ಯಾರ ಕಡೆಗಿದೆ ಎಂಬುದನ್ನು. ಗಡಿಯಲ್ಲಿ ಎಷ್ಟು ಜನ ಒಳಬಂದರು ಎಂಬುದು ಎರಡನೆಯ ಮಾತಾಯಿತು.

ಈಗ ಸಮೀಕ್ಷೆಯ ವಿಷಯಕ್ಕೆ ಬರೋಣ. ಇಲ್ಲಿ ಚುನಾವಣಾ ಸಂಶೋಧನೆಗೆ ಆಧಾರವಾಗಿರುವುದು ಬ್ರಿಟಿಷ್ ಎಲೆಕ್ಷನ್ ಸ್ಟಡಿ. ಅದರಲ್ಲಿ ಸೊನ್ನೆಯಿಂದ ಹತ್ತರವರೆಗಿನ ಒಂದು ಅಳತೆಗೆರೆ ಇರುತ್ತದೆ: ಸೊನ್ನೆ ಎಂದರೆ ವಲಸಿಗರು ಬಹಳ ಕಡಿಮೆ ಬರಲಿ, ಹತ್ತು ಎಂದರೆ ಬಹಳ ಹೆಚ್ಚು ಬರಲಿ. ಮೊದಲು ನೀವು ಎಲ್ಲಿ ನಿಲ್ಲುತ್ತೀರಿ ಎಂದು ಗುರುತು ಮಾಡಬೇಕು, ಆಮೇಲೆ ಒಂದೊಂದೇ ಪಕ್ಷ ಎಲ್ಲಿದೆ ಎಂದು ಹೇಳಬೇಕು. ಇಂಥ ಪ್ರಶ್ನೆಗಳಿಗೆ ಬರುವ ಉತ್ತರಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಯೊಂದಿದೆ. ಒಂದೇ ಪಕ್ಷವನ್ನು ಜನ ಒಂದೇ ಜಾಗದಲ್ಲಿ ಇಡುವುದಿಲ್ಲ. ಪಕ್ಷದ ಮೇಲೆ ಒಲವಿರುವವರು ಅದನ್ನು ತಮ್ಮ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ, ಆಗದವರು ಆದಷ್ಟು ದೂರಕ್ಕೆ ತಳ್ಳುತ್ತಾರೆ. ಸೊನ್ನೆಯ ಬಳಿ ನಿಂತ, ಲೇಬರ್ ಅಂದರೆ ಆಗದ ವ್ಯಕ್ತಿಗೆ ಲೇಬರ್ ಎಂಟೋ ಒಂಬತ್ತೋ ಆಗಿ ಕಾಣುತ್ತದೆ. ಏಳರ ಬಳಿ ನಿಂತು ಲೇಬರ್ ಮೇಲೆ ಮುನಿಸಿಕೊಂಡವರಿಗೆ ಅದೇ ಲೇಬರ್ ಎರಡಾಗಿ ಕಾಣಬಹುದು. "ಗೊತ್ತಿಲ್ಲ" ಎನ್ನುವವರೂ ಕಡಿಮೆಯಿಲ್ಲ. ನಿಮ್ಮ ಆಫೀಸಿನಲ್ಲಿ ಕೇಳಿಬರುವ ಮಾತಿನಲ್ಲಿ ಲೇಬರ್ ಬಗೆಗಿನ ಮಾಹಿತಿಯ ಜೊತೆಗೆ, ಅದನ್ನು ಆಡುವವರು ಎಲ್ಲಿ ನಿಂತಿದ್ದಾರೆ ಎಂಬುದೂ ಸೇರಿಕೊಂಡಿರುತ್ತದೆ.

ಇನ್ನೂ ಒಂದು ಇದೆ. "ವಲಸಿಗ" ಎಂದಾಗ ಜನರ ಕಣ್ಣ ಮುಂದೆ ಯಾರು ಬರುತ್ತಾರೆ? ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮೈಗ್ರೇಷನ್ ಅಬ್ಸರ್ವೇಟರಿ 2011ರಲ್ಲೇ ಇದನ್ನು ಕೇಳಿತು. ಆಗ ಬರುತ್ತಿದ್ದವರಲ್ಲಿ ದೊಡ್ಡ ಗುಂಪು ವಿದ್ಯಾರ್ಥಿಗಳದು. ಆದರೆ ಜನರ ಮನಸ್ಸಿನಲ್ಲಿದ್ದದ್ದು ಹೆಚ್ಚಾಗಿ ಆಶ್ರಯ ಕೋರಿ ಬಂದವರು. ವಿದ್ಯಾರ್ಥಿಗಳನ್ನು ನೆನೆದವರು ಅದಕ್ಕಿಂತ ಬಹಳ ಕಡಿಮೆ. ನೀವು ಟೈ ಕಟ್ಟಿಕೊಂಡು ಹೀಥ್ರೂನಲ್ಲಿ ಇಳಿದು ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿಕೊಂಡು ಬಂದವರು. ವಲಸೆ ಜಾಸ್ತಿಯಾಯಿತು ಎಂದು ನಿಮ್ಮ ಸಹೋದ್ಯೋಗಿ ಹೇಳುವಾಗ ಅವರು ನಿಮ್ಮನ್ನು ಎಣಿಸಿರಲಿಕ್ಕಿಲ್ಲ. ಸರ್ಕಾರಿ ಲೆಕ್ಕದಲ್ಲಿ ಮಾತ್ರ ನೀವು ಒಬ್ಬರು.

ಈ ಎರಡು ಲೆಕ್ಕಗಳ ನಡುವಿನ ಅಂತರದಲ್ಲಿಯೇ ಕನ್ಸರ್ವೇಟಿವ್ ಪಕ್ಷ ಮುಗ್ಗರಿಸಿತು. 2010ರಲ್ಲಿ ಡೇವಿಡ್ ಕ್ಯಾಮರನ್ ನಿವ್ವಳ ವಲಸೆಯನ್ನು, ಅಂದರೆ ಬಂದವರಲ್ಲಿ ಹೋದವರನ್ನು ಕಳೆದು ಉಳಿಯುವ ಸಂಖ್ಯೆಯನ್ನು, ಲಕ್ಷದ ಒಳಗೆ ತರುತ್ತೇವೆ ಎಂದು ಮಾತು ಕೊಟ್ಟರು. ಆಗ ಅದು ಎರಡೂವರೆ ಲಕ್ಷದ ಸುಮಾರಿನಲ್ಲಿತ್ತು. ಯುರೋಪಿಯನ್ ಒಕ್ಕೂಟದಿಂದ ಬರುವವರನ್ನು ತಡೆಯುವ ಅಧಿಕಾರ ಅವರಿಗೆ ಇರಲೇ ಇಲ್ಲ, ವಿದ್ಯಾರ್ಥಿಗಳ ಶುಲ್ಕವಿಲ್ಲದೆ ವಿಶ್ವವಿದ್ಯಾಲಯಗಳು ನಡೆಯುವಂತಿರಲಿಲ್ಲ. ಹಾಗಾಗಿ ಅದು ಮೊದಲಿನಿಂದಲೂ ಮೂಗಿಗೆ ತುಪ್ಪ ಸವರುವ ಮಾತೇ ಆಗಿತ್ತು. 2015ಕ್ಕೆ ಸಂಖ್ಯೆ 3.3 ಲಕ್ಷ ದಾಟಿತು. ಆ ವರ್ಷದ ಚುನಾವಣೆಗೆ ಮುಂಚೆ ಎಡ್ ಮಿಲಿಬ್ಯಾಂಡ್ ನಾಯಕತ್ವದ ಲೇಬರ್, ವಲಸೆಗೆ ನಿಯಂತ್ರಣ ಎಂಬ ಘೋಷಣೆ ಅಚ್ಚುಹಾಕಿದ ಕೆಂಪು ಕಾಫಿ ಮಗ್ಗನ್ನು 5 ಪೌಂಡಿಗೆ ಮಾರಾಟಕ್ಕಿಟ್ಟಿತು. ಪಕ್ಷದ ಸಂಸದೆ ಡಯಾನ್ ಆಬಟ್ ಅದು ನಾಚಿಕೆಗೇಡು ಎಂದು ಬಹಿರಂಗವಾಗಿ ಹೇಳಿದರು. ವಲಸೆ ಕಡಿಮೆಯಾಗಲಿ ಎನ್ನುವವರು ಮಗ್ ನೋಡಿ ಲೇಬರ್ ಕಡೆ ಬರಲಿಲ್ಲ, ಮೊದಲೇ ಲೇಬರ್ ಕಡೆಗಿದ್ದವರಿಗೆ ಬೇಸರವಾಯಿತು. ಆ ಚುನಾವಣೆಯಲ್ಲಿ ಎರಡೂ ಪಕ್ಷಗಳನ್ನು ನಂಬದ ಮತದಾರರು, ಯುರೋಪಿಯನ್ ಒಕ್ಕೂಟ ಬಿಡಬೇಕೆನ್ನುವ ಯುಕಿಪ್ ಪಕ್ಷಕ್ಕೆ ನೂರಕ್ಕೆ ಹನ್ನೆರಡೂವರೆಗೂ ಹೆಚ್ಚು ಮತ ಕೊಟ್ಟರು. ಸೀಟು ಸಿಕ್ಕಿದ್ದು ಒಂದೇ.

ಒಕ್ಕೂಟ ಬಿಡಬೇಕೆಂದು ತೀರ್ಮಾನವಾದ 2016ರ ಜನಮತಗಣನೆಯ ನಂತರ ನಡೆದದ್ದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ದೇಶದ ದೊಡ್ಡ ಸಮಸ್ಯೆ ಯಾವುದು ಎಂದು ಇಪ್ಸೋಸ್ ಸಂಸ್ಥೆ ಪ್ರತಿ ತಿಂಗಳು ಕೇಳುತ್ತದೆ. 2015ರಲ್ಲಿ ಒಂದು ಹಂತದಲ್ಲಿ ಅರ್ಧಕ್ಕೂ ಹೆಚ್ಚು ಜನ ವಲಸೆ ಎಂದಿದ್ದರು. 2020ರ ಹೊತ್ತಿಗೆ ಹಾಗೆನ್ನುವವರು ಹತ್ತರಲ್ಲಿ ಒಬ್ಬರಷ್ಟೂ ಉಳಿಯಲಿಲ್ಲ. ಈ ನಡುವೆ ಯುರೋಪಿನಿಂದ ಬರುವವರು ಕಡಿಮೆಯಾದರೂ ಬೇರೆ ಕಡೆಯಿಂದ ಬರುವವರು ಹೆಚ್ಚುತ್ತಿದ್ದರು. ಬದಲಾದದ್ದು ಒಂದೇ: ಇನ್ನು ಮೇಲೆ ಕಡಿವಾಣ ನಮ್ಮ ಕೈಯಲ್ಲಿದೆ ಎಂಬ ಭಾವನೆ. ಆ ಸಮಾಧಾನದ ನೆರಳಿನಲ್ಲೇ ಬೋರಿಸ್ ಜಾನ್ಸನ್ ಸರ್ಕಾರ 2021ರ ಜನವರಿಯಿಂದ ಅರ್ಹತೆಗೆ ಅಂಕ ಕೊಟ್ಟು ವೀಸಾ ನೀಡುವ ಹೊಸ ಪಾಯಿಂಟ್ ಪದ್ಧತಿ ತಂದಿತು. ಮೊದಲು ಸ್ಥಳೀಯರಿಗೆ 28 ದಿನ ಜಾಹೀರಾತು ಕೊಟ್ಟ ಮೇಲಷ್ಟೇ ಹೊರಗಿನವರನ್ನು ತೆಗೆದುಕೊಳ್ಳಬೇಕಿತ್ತು, ಅದು ಹೋಯಿತು. ವರ್ಷಕ್ಕೆ ಇಷ್ಟೇ ವೀಸಾ ಎಂಬ ಮಿತಿಯೂ ಹೋಯಿತು. ಪದವಿ ಮಟ್ಟದ ಕೆಲಸವೇ ಆಗಬೇಕಿಲ್ಲ ಎಂದಾಯಿತು, ಸಂಬಳದ ಮಿತಿ 25,600 ಪೌಂಡಿಗೆ ಇಳಿಯಿತು. 2022ರ ಫೆಬ್ರವರಿಯಲ್ಲಿ ವೃದ್ಧರನ್ನು ನೋಡಿಕೊಳ್ಳುವ ಕೇರ್ ಹೋಮ್‌ಗಳ ಕೆಲಸಗಾರರಿಗೂ ಬಾಗಿಲು ತೆರೆಯಿತು. ನಿಮ್ಮ ವೀಸಾ ಸಲೀಸಾಗಿ ಬಂದದ್ದು ಹೀಗೆ. ಬಿಗಿ ಎಂದು ಹೆಸರಾದ ಪಕ್ಷದ ಕಾಲದಲ್ಲೇ ನಿವ್ವಳ ವಲಸೆ 2023ರಲ್ಲಿ 9 ಲಕ್ಷ ದಾಟಿತು.

ಜನರ ಗಮನವನ್ನು ಮತ್ತೆ ಎಬ್ಬಿಸಿದ್ದು ಮಾತ್ರ ಈ ಸಂಖ್ಯೆಯಾಗಿರಲಿಲ್ಲ, ಇಂಗ್ಲಿಷ್ ಕಾಲುವೆ ದಾಟಿ ಬರುವ ರಬ್ಬರ್ ದೋಣಿಗಳು. 2018ರಲ್ಲಿ ಹಾಗೆ ಬಂದವರು ಮುನ್ನೂರರಷ್ಟು. 2022ರಲ್ಲಿ 45 ಸಾವಿರಕ್ಕೂ ಹೆಚ್ಚು. ಆ ವರ್ಷ ದೇಶಕ್ಕೆ ಬಂದ ಒಟ್ಟು ಜನರಲ್ಲಿ ಇವರು ನೂರಕ್ಕೆ ನಾಲ್ಕರಷ್ಟೂ ಇರಲಿಲ್ಲ. ಆದರೆ ವೀಸಾ ಯಾರ ಕಣ್ಣಿಗೂ ಬೀಳುವುದಿಲ್ಲ, ದೋಣಿ ಪ್ರತಿ ಸಂಜೆ ಟಿವಿಯಲ್ಲಿ ಬರುತ್ತದೆ. ಇನ್ಫೋಸಿಸ್ ನಾರಾಯಣ ಮೂರ್ತಿಯವರ ಅಳಿಯ ಎಂದು ನಮ್ಮವರು ಅಭಿಮಾನದಿಂದ ಮಾತಾಡುತ್ತಿದ್ದ ರಿಷಿ ಸುನಕ್, 2023ರಲ್ಲಿ "ದೋಣಿ ನಿಲ್ಲಿಸಿ" ಎಂಬ ಘೋಷಣೆಯನ್ನು ತಾವು ನಿಂತು ಮಾತಾಡುವ ಪೀಠದ ಮುಂಭಾಗಕ್ಕೇ ಅಂಟಿಸಿಕೊಂಡರು. ಅದೇ ಅವರಿಗೆ ಮುಳುವಾಯಿತು. ದೋಣಿ ಬಂದ ದಿನವೆಲ್ಲ ಪ್ರಧಾನಿ ಸೋತ ದಿನವಾಯಿತು. ಆಶ್ರಯ ಕೋರಿದವರನ್ನು ರುವಾಂಡಕ್ಕೆ ಕಳಿಸುವ ಯೋಜನೆಯನ್ನು 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕಾನೂನುಬಾಹಿರ ಎಂದಿತು. 2024ರ ಜುಲೈ ಚುನಾವಣೆಯಲ್ಲಿ ಕನ್ಸರ್ವೇಟಿವ್ 121 ಸೀಟಿಗೆ ಕುಸಿಯಿತು. ವಲಸೆಗೆ ಕಡಿವಾಣ ಹಾಕಬೇಕೆನ್ನುವ ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷಕ್ಕೆ ನೂರಕ್ಕೆ 14ರಷ್ಟು ಮತ ಬಂತು.

ಇದರಿಂದ ಒಂದು ಮಾತು ಸ್ಪಷ್ಟ. ಸಡಿಲ ಎಂಬ ಹೆಸರಿಗಿಂತ ಮಾತಿಗೆ ತಪ್ಪಿದರು ಎಂಬ ಹೆಸರು ಹೆಚ್ಚು ಹಾನಿ ಮಾಡುತ್ತದೆ. ಸಡಿಲ ಎನಿಸಿಕೊಂಡ ಪಕ್ಷಕ್ಕೆ ಅದನ್ನು ಮೆಚ್ಚುವವರಾದರೂ ಇರುತ್ತಾರೆ. ಮಾತು ಕೊಟ್ಟು ಕೈಕೊಟ್ಟವರಿಗೆ ಯಾರೂ ಇರುವುದಿಲ್ಲ.

ಲೇಬರ್‌ನ ಈಗಿನ ಸ್ಥಿತಿ ಅತ್ತ ದರಿ, ಇತ್ತ ಪುಲಿ. ಆಶ್ರಯ ಕೋರಿದವರನ್ನು ಇರಿಸಿದ ಹೋಟೆಲುಗಳನ್ನೇ ತೆಗೆದುಕೊಳ್ಳಿ. 2023ರಲ್ಲಿ ಕನ್ಸರ್ವೇಟಿವ್ ಸರ್ಕಾರವಿದ್ದಾಗ 400 ಹೋಟೆಲುಗಳಲ್ಲಿ 56 ಸಾವಿರ ಜನರಿದ್ದರು. 2025ರ ಜೂನ್ ಹೊತ್ತಿಗೆ ಅದು 32 ಸಾವಿರಕ್ಕೆ ಇಳಿದಿತ್ತು. ಆದರೆ ಎಪ್ಪಿಂಗ್ ಊರಿನ ಹೋಟೆಲಿನ ಮುಂದೆ ಜನ ಸೇರಿ ಪ್ರತಿಭಟನೆಗೆ ನಿಂತದ್ದು 2025ರ ಜುಲೈನಲ್ಲಿ, ಬೈಗುಳ ಬಿದ್ದದ್ದು ಲೇಬರ್‌ಗೆ. ನಿವ್ವಳ ವಲಸೆ 2025ರ ಜೂನ್‌ಗೆ ಮುಗಿದ ವರ್ಷದಲ್ಲಿ ಎರಡು ಲಕ್ಷದ ಸುಮಾರಿಗೆ ಇಳಿಯಿತು. ಆದರೂ ಅದು ಏರುತ್ತಲೇ ಇದೆ ಎಂದು ನಂಬಿದವರು ಸಮೀಕ್ಷೆಗಳಲ್ಲಿ ಬಹಳ. ಆ ಇಳಿತಕ್ಕೆ ದೊಡ್ಡ ಕಾರಣ ಸುನಕ್ ಸರ್ಕಾರ 2024ರಲ್ಲಿ ಹಾಕಿದ ನಿರ್ಬಂಧಗಳು ಎಂಬುದನ್ನೂ ನ್ಯಾಯವಾಗಿ ಹೇಳಬೇಕು: ಬಹುಪಾಲು ವಿದ್ಯಾರ್ಥಿಗಳೂ ಕೇರ್ ಕೆಲಸಗಾರರೂ ಕುಟುಂಬ ಕರೆತರುವಂತಿಲ್ಲ ಎಂದದ್ದು, ಸಂಬಳದ ಮಿತಿಯನ್ನು 38,700 ಪೌಂಡಿಗೆ ಏರಿಸಿದ್ದು. ಅದರ ಶ್ರೇಯ ಅವರಿಗೂ ದಕ್ಕಲಿಲ್ಲ.

2025ರ ಮೇ ತಿಂಗಳಲ್ಲಿ ಲೇಬರ್ ಪ್ರಧಾನಿ ಕೀರ್ ಸ್ಟಾರ್ಮರ್, ನಾವು ಅಪರಿಚಿತರ ದ್ವೀಪವಾಗಿಬಿಡುವ ಅಪಾಯವಿದೆ ಎಂದು ಭಾಷಣ ಮಾಡಿದರು. ಮುಂದಿನ ತಿಂಗಳು ಆ ಮಾತಿಗೆ ವಿಷಾದಿಸಿದರು. ಕಡಿಮೆ ವಲಸೆ ಬೇಕೆನ್ನುವವರು ಆ ಮಾತನ್ನು ನಂಬಲಿಲ್ಲ, ಉದಾರವಾದಿಗಳು ಅದನ್ನು ಮರೆಯಲಿಲ್ಲ. ಡೆನ್ಮಾರ್ಕಿನ ಉದಾಹರಣೆಯನ್ನು ಇಲ್ಲಿ ಪದೇ ಪದೇ ಕೊಡುತ್ತಾರೆ: 2019ರಲ್ಲಿ ಅಲ್ಲಿನ ಸೋಶಿಯಲ್ ಡೆಮಾಕ್ರಾಟರು ಬಿಗಿ ನಿಲುವು ತಳೆದು ಗೆದ್ದರು. ಆದರೆ 2025ರ ನವೆಂಬರಿನಲ್ಲಿ ಅದೇ ಪಕ್ಷ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿದಿದ್ದ ಕೋಪನ್‌ಹೇಗನ್ ಮೇಯರ್ ಪಟ್ಟ ಕಳೆದುಕೊಂಡಿತು. ಎಡಪಕ್ಷವೊಂದು ಬಿಗಿ ಮಾತು ಕಲಿತರೆ ಎಲ್ಲ ಸರಿಹೋಗುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ.

ಜನ ವಲಸಿಗರ ವಿರೋಧಿಗಳು ಎಂದೂ ತಿಳಿಯಬೇಡಿ. ಒಟ್ಟಾರೆ ಕಡಿಮೆ ಮಾಡಬೇಕೇ ಎಂದರೆ ಹೆಚ್ಚಿನವರು ಹೌದು ಎನ್ನುತ್ತಾರೆ. ಡಾಕ್ಟರು ಕಡಿಮೆಯಾಗಲೇ, ನರ್ಸು ಕಡಿಮೆಯಾಗಲೇ, ವೃದ್ಧರನ್ನು ನೋಡಿಕೊಳ್ಳುವವರು ಕಡಿಮೆಯಾಗಲೇ ಎಂದು ಒಂದೊಂದಾಗಿ ಕೇಳಿದರೆ ಅವರೇ ಬೇಡ ಎನ್ನುತ್ತಾರೆ. ಪಕ್ಷಗಳು ಮೊದಲ ಉತ್ತರವನ್ನು ಪ್ರಣಾಳಿಕೆಗೆ ಹಾಕುತ್ತವೆ, ಅಧಿಕಾರಕ್ಕೆ ಬಂದ ಮೇಲೆ ಎರಡನೆಯದರ ಪ್ರಕಾರ ವೀಸಾ ಕೊಡುತ್ತವೆ.

ಇನ್ನು ನಿಮ್ಮ ಮತದ ವಿಚಾರ. ಭಾರತೀಯರ ಮಟ್ಟಿಗೆ ಪಕ್ಷದ ಹೆಸರನ್ನು ನಂಬಿ ಕೂರುವುದು ಅಪಾಯ, ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಐಎಲ್‌ಆರ್‌ಗೆ ಕಾಯುವ ಅವಧಿಯನ್ನು 2006ರಲ್ಲಿ 4ರಿಂದ 5 ವರ್ಷಕ್ಕೆ ಏರಿಸಿದ್ದು ಟೋನಿ ಬ್ಲೇರ್ ಅವರ ಲೇಬರ್ ಸರ್ಕಾರ. ನುರಿತ ಕೆಲಸಗಾರರ ಎಚ್‌ಎಸ್‌ಎಂಪಿ ಯೋಜನೆಯಲ್ಲಿ ಆಗಲೇ ಬಂದು ನೆಲೆಸಿದವರಿಗೂ ಅದೇ ವರ್ಷ ಹೊಸ ಷರತ್ತು ಹೇರಲಾಯಿತು. ಭಾರತೀಯರು ಸೇರಿದಂತೆ ಬಾಧಿತರು ಕೋರ್ಟಿಗೆ ಹೋದರು. 2008ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಅದು ನ್ಯಾಯವಲ್ಲ ಎಂದು ತೀರ್ಪಿತ್ತಿತು. ಭಾರತೀಯ ಮೂಲದ ವೈದ್ಯರ ಸಂಘ ಬಾಪಿಯೊ ತನ್ನ ಬೇರೊಂದು ಮೊಕದ್ದಮೆಯನ್ನು ಗೆದ್ದದ್ದೂ ಅದೇ ತಿಂಗಳು. ಓದು ಮುಗಿಸಿದ ವಿದ್ಯಾರ್ಥಿಗಳು ಉಳಿದು ಕೆಲಸ ಮಾಡುವ ವೀಸಾವನ್ನು 2012ರಲ್ಲಿ ಮುಚ್ಚಿದ್ದು ಕನ್ಸರ್ವೇಟಿವ್ ನೇತೃತ್ವದ ಸರ್ಕಾರ, 2021ರಲ್ಲಿ ಮತ್ತೆ ತೆರೆದದ್ದೂ ಅದೇ ಪಕ್ಷ.

ಮತದಾರರಿಗೆ ಇದೆಲ್ಲ ಕಾಣದಿರುವುದಕ್ಕೆ ಒಂದು ಕಾರಣವಿದೆ. ಇಲ್ಲಿ ವೀಸಾ ನಿಯಮಗಳು ಬಹುಮಟ್ಟಿಗೆ ಹೊಸ ಕಾಯಿದೆಯಿಂದ ಬದಲಾಗುವುದಿಲ್ಲ. ಗೃಹ ಇಲಾಖೆ "ಸ್ಟೇಟ್‌ಮೆಂಟ್ ಆಫ್ ಚೇಂಜಸ್" ಎಂಬ ದಾಖಲೆಯನ್ನು ಸಂಸತ್ತಿನಲ್ಲಿ ಮಂಡಿಸುತ್ತದೆ. 40 ದಿನಗಳೊಳಗೆ ಯಾವ ಸದನವೂ ತಿರಸ್ಕರಿಸದಿದ್ದರೆ ಅದು ಜಾರಿಯಲ್ಲಿ ಉಳಿಯುತ್ತದೆ. ಚರ್ಚೆಯಾಗುವುದು ಅಪರೂಪ, ಪತ್ರಿಕೆಯ ಮುಖಪುಟಕ್ಕೆ ಬರುವುದು ಇನ್ನೂ ಅಪರೂಪ. ನಿಮ್ಮ ಬದುಕನ್ನು ತಿರುಗಿಸುವ ಸಾಲು ಇರುವುದು ಅಲ್ಲಿ. ಹಾಗಾಗಿ ಭಾಷಣ ಕೇಳುವುದಕ್ಕಿಂತ ಅದನ್ನು ಓದಿ.

10 ವರ್ಷದ ಪ್ರಸ್ತಾವವನ್ನೂ ಹಾಗೇ ಓದಿ. 10 ವರ್ಷ ಎಂಬ ಮಾತನ್ನು 2025ರ ಫೆಬ್ರವರಿಯಲ್ಲಿ ಕನ್ಸರ್ವೇಟಿವ್ ನಾಯಕಿ ಕೆಮಿ ಬೇಡನಾಕ್ ಆಡಿದ್ದರು, ಲೇಬರ್ ಮೇ ತಿಂಗಳಲ್ಲಿ ಅದನ್ನೇ ಹೇಳಿತು. ನವೆಂಬರಿನಲ್ಲಿ ಗೃಹ ಸಚಿವೆ ಶಬಾನಾ ಮಹಮೂದ್ ಸಾರ್ವಜನಿಕರ ಅಭಿಪ್ರಾಯಕ್ಕಿಟ್ಟ ಪ್ರಸ್ತಾವದಲ್ಲಿ ಈಗಾಗಲೇ ಇಲ್ಲಿರುವವರೂ ಸೇರಿದ್ದರು. ಜೊತೆಗೆ ಮೂರು ವರ್ಷ 50,270 ಪೌಂಡಿಗಿಂತ ಹೆಚ್ಚು ಆದಾಯ ತೋರಿಸಿದವರಿಗೆ 5 ವರ್ಷ ಕಡಿತವೂ ಅದರಲ್ಲಿತ್ತು. ನಿಮ್ಮ ಸಂಬಳ ಆ ಗೆರೆಯ ಮೇಲಿದೆಯೋ ಕೆಳಗಿದೆಯೋ ಎಂಬುದರ ಮೇಲೆ ನಿಮ್ಮ ಉತ್ತರ ಪೂರ್ತಿ ಬದಲಾಗುತ್ತದೆ. ರಿಫಾರ್ಮ್ ಪಕ್ಷವಂತೂ 2025ರ ಸೆಪ್ಟೆಂಬರಿನಲ್ಲಿ ಐಎಲ್‌ಆರ್ ಅನ್ನೇ ರದ್ದು ಮಾಡುವುದಾಗಿ ಹೇಳಿದೆ. ಅಭ್ಯರ್ಥಿ ಮನೆ ಬಾಗಿಲಿಗೆ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಈಗಾಗಲೇ ಇಲ್ಲಿರುವವರಿಗೆ ಹಿಂದಿನ ದಿನಾಂಕದಿಂದ ನಿಯಮ ಬದಲಿಸುವುದಕ್ಕೆ ನೀವು ಸಂಸತ್ತಿನಲ್ಲಿ ಒಪ್ಪುತ್ತೀರಾ, ಇಲ್ಲವಾ?

ಕಾಮನ್‌ವೆಲ್ತ್ ದೇಶದ ಪ್ರಜೆಯಾಗಿ, ಊರ್ಜಿತ ವೀಸಾದ ಮೇಲೆ ಇಲ್ಲಿ ವಾಸಿಸುವ ನಿಮಗೆ ಸ್ಥಳೀಯ ಚುನಾವಣೆಯಲ್ಲೂ ಸಂಸತ್ ಚುನಾವಣೆಯಲ್ಲೂ ಮತವಿದೆ. ಭಾರತದ ಪೌರತ್ವಕ್ಕೆ ಇದರಿಂದ ಏನೂ ಆಗುವುದಿಲ್ಲ. ಮತದಾನಕ್ಕೆ 12 ಕೆಲಸದ ದಿನಗಳ ಮುಂಚೆ ಹೆಸರು ನೋಂದಾಯಿಸಿರಬೇಕು. ಆನ್‌ಲೈನಿನಲ್ಲಿ ಕೆಲವು ನಿಮಿಷದ ಕೆಲಸ. ಮತಗಟ್ಟೆಯಲ್ಲಿ ಫೋಟೊ ಇರುವ ಗುರುತಿನ ಚೀಟಿ ಕೇಳುತ್ತಾರೆ, ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ.